ಫ್ರೀಕ್ಯಾಡ್ ಮಾದರಿಯಿಂದ ಸೂತ್ರಗಳಿರುವ ಎಕ್ಸೆಲ್ ಅಂದಾಜುಪಟ್ಟಿಯನ್ನು ಪಡೆಯುವುದು ಹೇಗೆ?

ಬೀಟೆಮರ (ಉಡುಪಿ) ಕೇಳಿದ ಪ್ರಶ್ನೆ

ಮಾನ್ಯರೇ, ಉಡುಪಿಯಲ್ಲಿ ಮನೆಗಳ ಒಳಾಂಗಣ ಮರಗೆಲಸ ಮಾಡಿಕೊಡುವ ಸಣ್ಣ ಕಾರ್ಯಾಗಾರವೊಂದರಲ್ಲಿ ವಿನ್ಯಾಸ ಮತ್ತು ಅಂದಾಜುಪಟ್ಟಿಯ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ದೇವರ ಕೋಣೆಯ ಬಾಗಿಲು ಮುಂತಾದವನ್ನು ಮೊದಲು ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾದರಿಯಾಗಿ ರಚಿಸುತ್ತೇವೆ. ಮಾದರಿ ಸಿದ್ಧವಾದ ಬಳಿಕ ಪೈಥಾನ್ ಭಾಷೆಯಲ್ಲಿ ಬರೆದ ಒಂದು ಮ್ಯಾಕ್ರೊ, ಅಂದರೆ ಫ್ರೀಕ್ಯಾಡ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಮು, ಪ್ರತಿಯೊಂದು ಹಲಗೆಯ ಹೆಸರು, ಉದ್ದ, ಅಗಲ, ದಪ್ಪಗಳನ್ನು ಓದಿ, ಚದರಡಿ ಲೆಕ್ಕ ಹಾಕಿ, ದರದಿಂದ ಗುಣಿಸಿ, ಎಲ್ಲವನ್ನೂ ಒಂದು ಸಿಎಸ್‌ವಿ ಫೈಲಿಗೆ (ಕಾಲಮ್‌ಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲು) ಬರೆಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಆ ಫೈಲಿನಲ್ಲಿ ಇರುವುದೆಲ್ಲ ಬರೀ ಸಂಖ್ಯೆಗಳು. ಕರಾವಳಿಯ ಮಳೆಗಾಲದ ತೇವವನ್ನು ಗಮನಿಸದೆ ನಮ್ಮಲ್ಲಿ ಮರಗೆಲಸ ಮಾಡುವಂತಿಲ್ಲವಾದ್ದರಿಂದ ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710 ಗುಣಮಟ್ಟದ ಮರೈನ್ ಪ್ಲೈವುಡ್, ಉಳಿದ ಕಡೆಗೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರನ್ನು ತಾಳುವ ದರ್ಜೆಯ) ಪ್ಲೈವುಡ್ ಎಂದು ಬರೆದುಕೊಡುತ್ತೇವೆ. ಮನೆಯವರು ಪಟ್ಟಿಯನ್ನು ನೋಡಿ, ಎಲ್ಲವನ್ನೂ ಮರೈನ್‌ನಲ್ಲೇ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಧಣಿಗಳು ದರದ ಸಂಖ್ಯೆಯನ್ನು ತಿದ್ದುತ್ತಾರೆ. ಮೊತ್ತ ಮಾತ್ರ ಅಲ್ಲಾಡುವುದಿಲ್ಲ. ನಾನು ಮತ್ತೆ ಮ್ಯಾಕ್ರೊವನ್ನು ತೆರೆದು ದರ ಬದಲಿಸಿ ಹೊಸ ಫೈಲು ತೆಗೆಯಬೇಕು. ನನಗೆ ಬೇಕಾಗಿರುವುದು ಅಳತೆಗಳು ವಿನ್ಯಾಸದಿಂದ ಬಂದು, ಚದರಡಿ, ಬೆಲೆ, ತೆರಿಗೆ, ಮೊತ್ತ ಇವೆಲ್ಲ ಎಕ್ಸೆಲ್‌ನ ಸೂತ್ರಗಳಾಗಿಯೇ ಉಳಿಯುವ ಹಾಳೆ.

ಸಿಎಸ್‌ವಿಯಲ್ಲೇ ಸೂತ್ರವನ್ನು ಪಠ್ಯವಾಗಿ ಬರೆದು ನೋಡಿದಾಗ ಸೂತ್ರದೊಳಗಿನ ಅಲ್ಪವಿರಾಮದ ಜಾಗದಲ್ಲೆಲ್ಲ ಕಾಲಮ್‌ಗಳು ಒಡೆದುಹೋಗುತ್ತವೆ. ಓಪನ್‌ಪೈಎಕ್ಸೆಲ್ ಎಂಬ ಪೈಥಾನ್ ಗ್ರಂಥಾಲಯದ ಹೆಸರನ್ನು ಕೇಳಿದ್ದೇನೆ. ಅದನ್ನು ಫ್ರೀಕ್ಯಾಡ್‌ನ ಒಳಗಿನಿಂದಲೇ ಬಳಸಬಹುದೇ? ಸೂತ್ರದೊಳಗಿನ ಸಾಲಿನ ಸಂಖ್ಯೆಯನ್ನು ಹೇಗೆ ನಿಭಾಯಿಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಪಣಂಬೂರು ಗಾಳಿ (ಮಂಗಳೂರು) ಬರೆದ ಉತ್ತರ

ನಿಮಗೆ ಬೇಕಾದದ್ದು ಸಾಧ್ಯ, ಕಷ್ಟವೂ ಅಲ್ಲ. ಆದರೆ ಸಿಎಸ್‌ವಿಯನ್ನು ಮೊದಲು ಕೈಬಿಡಿ. ಇಡೀ ಸೂತ್ರವನ್ನು ಉದ್ಧರಣ ಚಿಹ್ನೆಗಳ ಒಳಗಿಟ್ಟರೆ ಅಲ್ಪವಿರಾಮದ ತೊಂದರೆಯೇನೋ ತಪ್ಪುತ್ತದೆ, ಆದರೆ ತೊಂದರೆ ಅದೊಂದೇ ಅಲ್ಲ. ಸಿಎಸ್‌ವಿಗೆ ಒಂದಕ್ಕಿಂತ ಹೆಚ್ಚು ಹಾಳೆಗಳಿಲ್ಲ, ಸಂಖ್ಯೆ ಯಾವುದು ಪಠ್ಯ ಯಾವುದು ಎಂಬ ಗುರುತಿಲ್ಲ. ಹಲಗೆಯ ಗುರುತನ್ನು 3-4 ಎಂದು ಬರೆದಿದ್ದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಓದಿಬಿಡುತ್ತದೆ. ಯುಟಿಎಫ್-8ರಲ್ಲಿ ಬರೆದ ಕನ್ನಡ ಹೆಸರುಗಳು ಸಹ, ಫೈಲಿನ ಆರಂಭದಲ್ಲಿ ಅದಕ್ಕೆ ತಕ್ಕ ಗುರುತು ಇಲ್ಲದಿದ್ದರೆ, ನೇರವಾಗಿ ತೆರೆದಾಗ ಕಲಸುಮೇಲೋಗರವಾಗಿ ಕಾಣಿಸುತ್ತವೆ. ಎಕ್ಸೆಲ್‌ನ ಸ್ವಂತ ಬಗೆಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನಲ್ಲಿ ಈ ಯಾವ ಬಾಧೆಯೂ ಇಲ್ಲ.

ಓಪನ್‌ಪೈಎಕ್ಸೆಲ್‌ನಲ್ಲಿ ಸೂತ್ರವನ್ನು ಬರೆಯಲು ಪ್ರತ್ಯೇಕ ಆಜ್ಞೆಯೇನೂ ಬೇಡ. ಸೆಲ್‌ಗೆ ನೀವು ಕೊಡುವ ಪಠ್ಯ ಸಮಚಿಹ್ನೆಯಿಂದ ಆರಂಭವಾದರೆ ಅದನ್ನು ಸೂತ್ರವೆಂದೇ ಉಳಿಸಲಾಗುತ್ತದೆ. ಹಲಗೆಗಳ ಪಟ್ಟಿಯ ಮೇಲೆ ಓಡುವ ಲೂಪಿನಲ್ಲಿ ಸಾಲಿನ ಸಂಖ್ಯೆಯನ್ನು ಒಂದು ಚರದಲ್ಲಿ ಇಟ್ಟುಕೊಂಡು ಆ ಚರವನ್ನೇ ಸೂತ್ರದ ಪಠ್ಯದೊಳಗೆ ಸೇರಿಸಬೇಕು. ಉದ್ದ ಡಿ ಕಾಲಮ್‌ನಲ್ಲಿ, ಅಗಲ ಇ ಕಾಲಮ್‌ನಲ್ಲಿ, ಅಂಥ ಹಲಗೆಗಳು ಎಷ್ಟು ಎಂಬ ಸಂಖ್ಯೆ ಜಿ ಕಾಲಮ್‌ನಲ್ಲಿ ಇದ್ದರೆ ಐದನೆಯ ಸಾಲಿನ ಚದರಡಿಯ ಸೂತ್ರ =ಡಿ5*ಇ5*ಜಿ5/92903.04 ಎಂದಾಗುತ್ತದೆ, ಆರನೆಯ ಸಾಲಿನಲ್ಲಿ ಎಲ್ಲ 5ಗಳೂ 6 ಆಗುತ್ತವೆ. ಇಲ್ಲಿ ಓದುವುದಕ್ಕಾಗಿ ಕಾಲಮ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಒಂದು ಅಡಿ ಎಂದರೆ 304.8 ಮಿಲಿಮೀಟರ್, ಅದರ ವರ್ಗವೇ 92903.04. ಫ್ರೀಕ್ಯಾಡ್ ಉದ್ದವನ್ನು ಒಳಗೆ ಯಾವಾಗಲೂ ಮಿಲಿಮೀಟರ್‌ನಲ್ಲೇ ಇಟ್ಟುಕೊಳ್ಳುವುದರಿಂದ, ಪರದೆಯ ಮೇಲೆ ನೀವು ಯಾವ ಮಾನವನ್ನು ಆರಿಸಿಕೊಂಡಿದ್ದರೂ ಈ ಭಾಜಕ ಬದಲಾಗುವುದಿಲ್ಲ.

ಸೂತ್ರದೊಳಗಿನ ಕ್ರಿಯೆಗಳ ಹೆಸರುಗಳು ಇಂಗ್ಲಿಷ್‌ನಲ್ಲೇ ಇರಬೇಕು, ಅವುಗಳ ಒಳಗಿನ ಮೌಲ್ಯಗಳನ್ನು ಅಲ್ಪವಿರಾಮದಿಂದಲೇ ಬೇರ್ಪಡಿಸಬೇಕು. ಕೆಲವು ಕಂಪ್ಯೂಟರುಗಳಲ್ಲಿ ಪ್ರಾದೇಶಿಕ ಆಯ್ಕೆಗಳ ಕಾರಣದಿಂದ ಅರ್ಧವಿರಾಮವನ್ನು ಟೈಪು ಮಾಡುವ ರೂಢಿ ಇರುತ್ತದೆ. ಅದು ಪರದೆಯ ರೂಢಿಯೇ ಹೊರತು ಫೈಲಿನದ್ದಲ್ಲ. ಅರ್ಧವಿರಾಮವಿರುವ ಸೂತ್ರವನ್ನು ಫೈಲಿನೊಳಗೆ ಬರೆದರೆ ಎಕ್ಸೆಲ್ ಫೈಲು ಕೆಟ್ಟಿದೆ, ದುರಸ್ತಿ ಮಾಡಲೇ ಎಂದು ಕೇಳುತ್ತದೆ, ಮತ್ತು ದುರಸ್ತಿ ಎಂದರೆ ಆ ಸೂತ್ರವನ್ನು ಕಿತ್ತುಹಾಕುವುದು ಎಂದರ್ಥ.

ಇನ್ನು ಫ್ರೀಕ್ಯಾಡ್ ಕಡೆಯ ವಿಷಯ. ನನ್ನ ಅನುಭವದಲ್ಲಿ ಅಂದಾಜು ತಪ್ಪುವುದು ಸೂತ್ರಗಳಿಂದಲ್ಲ, ಈ ಹಂತದಲ್ಲಿ. ಡಾಕ್ಯುಮೆಂಟಿನ ವಸ್ತುಗಳ ಪಟ್ಟಿಯಲ್ಲಿ ಮುಗಿದ ಹಲಗೆಗಳು ಮಾತ್ರ ಇರುವುದಿಲ್ಲ. ಸ್ಕೆಚ್‌ಗಳು, ಮೂಲ ಸಮತಲಗಳು, ಪ್ಯಾಡ್ (ಸ್ಕೆಚ್‌ಗೆ ದಪ್ಪ ಕೊಡುವುದು) ಮತ್ತು ಪಾಕೆಟ್‌ನಂತಹ (ಅದರಲ್ಲಿ ಕುಳಿ ಕೊರೆಯುವುದು) ನಡುವಣ ಹಂತಗಳೂ ಇರುತ್ತವೆ. ಒಂದು ಹಲಗೆಯಿಂದ ಇನ್ನೊಂದು ಆಕಾರವನ್ನು ಕಳೆದಿದ್ದರೆ, ಕಳೆದು ಉಳಿದ ಹಲಗೆಯ ಜೊತೆಗೆ ಮೂಲದ ಎರಡೂ ಆಕಾರಗಳು ಪಟ್ಟಿಯಲ್ಲಿ ಉಳಿದೇ ಇರುತ್ತವೆ. ಆಕಾರವಿರುವ ವಸ್ತುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಒಂದೇ ಹಲಗೆಗೆ ಎರಡು ಮೂರು ಪಾಲು ಪ್ಲೈವುಡ್ ಬೀಳುತ್ತದೆ. ಆದ್ದರಿಂದ ನಿಜವಾಗಿ ಕತ್ತರಿಸಬೇಕಾದ ಹಲಗೆಗಳಿಗೆ ಮಾತ್ರ ನೀವೇ ಒಂದು ಹೆಚ್ಚುವರಿ ಗುಣವನ್ನು, ಅಂದರೆ ಬಳಸುವ ವಸ್ತುವಿನ ಹೆಸರನ್ನು ಹಿಡಿದಿಡುವ ಪಠ್ಯಗುಣವನ್ನು, ಸೇರಿಸಿಕೊಳ್ಳಿ. ಗುಣದ ಹೆಸರು ಇಂಗ್ಲಿಷ್‌ನಲ್ಲಿರಲಿ, ಅದರೊಳಗಿನ ಮೌಲ್ಯವನ್ನು ಕನ್ನಡದಲ್ಲೇ ಬರೆಯಬಹುದು. ಆ ಗುಣ ಇರುವ ವಸ್ತುಗಳನ್ನು ಮಾತ್ರ ಮ್ಯಾಕ್ರೊ ಎತ್ತಿಕೊಳ್ಳಲಿ.

ಅಳತೆಯನ್ನು ಆವರಣ ಪೆಟ್ಟಿಗೆಯಿಂದ, ಅಂದರೆ ಬೌಂಡ್‌ಬಾಕ್ಸ್‌ನಿಂದ, ತೆಗೆಯುವವರು ಬಹಳ ಜನ. ಅದು ಎಕ್ಸ್, ವೈ, ಝಡ್ ಅಕ್ಷಗಳಿಗೆ ಸಮಾನಾಂತರವಾಗಿಯೇ ಅಳೆಯುತ್ತದೆ. ಮೂಲೆಯ ಕಪಾಟಿನಲ್ಲಿ 45 ಡಿಗ್ರಿ ತಿರುಗಿಸಿ ಇಟ್ಟ ಬಾಗಿಲಿನ ಅಗಲ ಹೀಗೆ ಅಳೆದಾಗ ತಪ್ಪಾಗಿಯೇ ಬರುತ್ತದೆ, ದಪ್ಪವಂತೂ ಹಲವು ಪಟ್ಟು ಹೆಚ್ಚಾಗುತ್ತದೆ. ಬಾಕ್ಸ್ ಆಕಾರವಾದರೆ ಅದರ ಉದ್ದ, ಅಗಲ, ಎತ್ತರ ಎಂಬ ಗುಣಗಳನ್ನೇ ಓದಿ. ಆ ಗುಣಗಳು ಮಾನಸಹಿತವಾಗಿ ಬರುತ್ತವೆ. ಅವುಗಳ ವ್ಯಾಲ್ಯೂ ಭಾಗವನ್ನು ತೆಗೆದುಕೊಂಡರೆ ಬರೀ ಸಂಖ್ಯೆ ಸಿಗುತ್ತದೆ. ಹಾಗೆ ಮಾಡದೆ ಇಡೀ ಗುಣವನ್ನೇ ಪಠ್ಯವಾಗಿ ಬರೆದರೆ ಸೆಲ್‌ನಲ್ಲಿ ಮಿಲಿಮೀಟರ್ ಎಂಬ ಬಾಲವೂ ಸೇರಿಕೊಂಡು ಸೂತ್ರ ಗುಣಾಕಾರ ಮಾಡಲಾರದೆ ದೋಷ ತೋರಿಸುತ್ತದೆ. ಬರೆಯುವ ಮುನ್ನ ಒಂದು ದಶಮಾಂಶಕ್ಕೆ ಸರಿಮಾಡಿಕೊಳ್ಳಿ. ಇಲ್ಲವಾದರೆ 600ರ ಜಾಗದಲ್ಲಿ 599.9999999 ಕಾಣಿಸಿ ಕತ್ತರಿಸುವವರಿಗೆ ಗೊಂದಲವಾಗುತ್ತದೆ.

ವಿಂಡೋಸ್‌ನಲ್ಲಿ ಫ್ರೀಕ್ಯಾಡ್ ತನ್ನದೇ ಪೈಥಾನ್ ಅನ್ನು ಜೊತೆಗೆ ತರುತ್ತದೆ. ನಿಮ್ಮ ಕಂಪ್ಯೂಟರಿನ ಬೇರೊಂದು ಪೈಥಾನ್‌ಗೆ ಸ್ಥಾಪಿಸಿದ ಗ್ರಂಥಾಲಯ ಅದಕ್ಕೆ ಕಾಣಿಸುವುದಿಲ್ಲ. ಫ್ರೀಕ್ಯಾಡ್‌ನ ಬಿನ್ ಫೋಲ್ಡರಿನಲ್ಲಿರುವ ಪೈಥಾನ್‌ನಿಂದಲೇ ಓಪನ್‌ಪೈಎಕ್ಸೆಲ್ ಅನ್ನು ಸ್ಥಾಪಿಸಬೇಕು. ಅದು ಬೇಡವೆನಿಸಿದರೆ ಮ್ಯಾಕ್ರೊ ಅಳತೆಗಳನ್ನು ಒಂದು ಜೆಸನ್ ಫೈಲಿಗೆ (ಪ್ರೋಗ್ರಾಮುಗಳು ಸುಲಭವಾಗಿ ಓದುವ ಪಠ್ಯದ ಫೈಲು) ಬರೆಯಲಿ, ಹೊರಗಿನ ಇನ್ನೊಂದು ಸ್ಕ್ರಿಪ್ಟ್ ಅದನ್ನು ಓದಿ ಎಕ್ಸೆಲ್ ಹಾಳೆಯನ್ನು ಕಟ್ಟಲಿ. ನನಗೆ ಈ ಎರಡನೆಯ ದಾರಿ ಹೆಚ್ಚು ಇಷ್ಟ, ಏಕೆಂದರೆ ಫ್ರೀಕ್ಯಾಡ್‌ನ ಹೊಸ ಆವೃತ್ತಿ ಬಂದಾಗ ಹಾಳೆ ಕಟ್ಟುವ ಭಾಗವನ್ನು ಮುಟ್ಟಬೇಕಾಗಿಲ್ಲ.

ಬೀಟೆಮರ (ಉಡುಪಿ)

ಇಷ್ಟು ವಿವರವಾಗಿ ಬರೆದುದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ವಸ್ತುವಿನ ಗುಣವನ್ನು ಸೇರಿಸಿ ಜರಡಿ ಹಿಡಿದ ಮೇಲೆ ಪಟ್ಟಿ ನಮ್ಮ ಆಚಾರಿಗಳು ಕೈಯಲ್ಲಿ ಬರೆದ ಪಟ್ಟಿಗೆ ಹೊಂದುತ್ತಿದೆ, ಸೂತ್ರಗಳೂ ಎಕ್ಸೆಲ್‌ನಲ್ಲಿ ಸರಿಯಾಗಿ ನಡೆಯುತ್ತಿವೆ. ಎರಡು ಸಂದೇಹಗಳು ಉಳಿದಿವೆ. ಒಂದು, ಅದೇ ಫೈಲನ್ನು ಧಣಿಗಳಿಗೆ ಕಳುಹಿಸಿದಾಗ ಮೊಬೈಲಿನ ಮುನ್ನೋಟದಲ್ಲಿ ಅಳತೆಗಳೆಲ್ಲ ಕಾಣಿಸುತ್ತವೆ, ಮೊತ್ತದ ಕಾಲಮ್ ಮಾತ್ರ ಖಾಲಿ ಇರುತ್ತದೆ. ಇನ್ನೊಂದು, ಮಾದರಿಯಲ್ಲಿ ಬದಲಾವಣೆ ಮಾಡಿ ಮ್ಯಾಕ್ರೊವನ್ನು ಮತ್ತೆ ಓಡಿಸಿದರೆ ಧಣಿಗಳು ಹಾಳೆಯಲ್ಲಿ ಕೈಯಾರೆ ತುಂಬಿದ ದರಗಳೆಲ್ಲ ಅಳಿಸಿಹೋಗುತ್ತವೆ.

ಕಡತಪಾಲಕಿ (ಮಣಿಪಾಲ) ಬರೆದ ಉತ್ತರ

ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬುದು ವಾಸ್ತವದಲ್ಲಿ ಒಂದು ಜಿಪ್ ಪೆಟ್ಟಿಗೆ. ಅದರೊಳಗೆ ಪ್ರತಿ ಹಾಳೆಗೆ ಒಂದೊಂದು ಎಕ್ಸ್‌ಎಂಎಲ್ ಫೈಲು ಇರುತ್ತದೆ. ಸೂತ್ರವಿರುವ ಪ್ರತಿ ಸೆಲ್‌ಗೆ ಅಲ್ಲಿ ಎರಡು ಸ್ಥಾನಗಳಿವೆ: ಸೂತ್ರಕ್ಕೊಂದು, ಕಳೆದ ಬಾರಿ ಲೆಕ್ಕ ಹಾಕಿದಾಗ ಬಂದ ಫಲಿತಾಂಶಕ್ಕೊಂದು. ಎಕ್ಸೆಲ್ ಫೈಲನ್ನು ಉಳಿಸುವಾಗ ಎರಡನ್ನೂ ತುಂಬುತ್ತದೆ. ಓಪನ್‌ಪೈಎಕ್ಸೆಲ್ ಸೂತ್ರವನ್ನು ಬರೆಯುತ್ತದೆಯೇ ಹೊರತು ಲೆಕ್ಕ ಹಾಕುವುದಿಲ್ಲ, ಆದ್ದರಿಂದ ಫಲಿತಾಂಶದ ಸ್ಥಾನ ಖಾಲಿ ಉಳಿಯುತ್ತದೆ. ಮೊಬೈಲಿನ ಮುನ್ನೋಟವೂ ಲೆಕ್ಕ ಹಾಕುವುದಿಲ್ಲ. ಉಳಿಸಿಟ್ಟ ಫಲಿತಾಂಶವನ್ನು ತೋರಿಸುವುದಷ್ಟೇ ಅದರ ಕೆಲಸ. ನೀವು ಅದೇ ಫೈಲನ್ನು ಓಪನ್‌ಪೈಎಕ್ಸೆಲ್‌ನಿಂದಲೇ ಮೌಲ್ಯ ಮಾತ್ರ ಬೇಕೆಂಬ ಆಯ್ಕೆಯೊಡನೆ ಓದಿದರೂ ಸೂತ್ರದ ಸೆಲ್‌ಗಳಲ್ಲಿ ಏನೂ ಸಿಗುವುದಿಲ್ಲ, ಕಾರಣ ಇದೇ.

ಪರಿಹಾರವೆಂದರೆ ಕಳುಹಿಸುವ ಮುನ್ನ ಲೆಕ್ಕ ಹಾಕಬಲ್ಲ ತಂತ್ರಾಂಶವೊಂದರಲ್ಲಿ ತೆರೆದು ಉಳಿಸುವುದು. ಅದನ್ನು ಕೈಯಾರೆ ಮಾಡಬೇಕೆಂದಿಲ್ಲ. ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶವನ್ನು ಪರದೆಯಿಲ್ಲದ ರೀತಿಯಲ್ಲಿ, ಹೆಡ್‌ಲೆಸ್ ಆಯ್ಕೆಯಿಂದ, ಆಜ್ಞೆಯ ಸಾಲಿನಲ್ಲೇ ಓಡಿಸಿ ಎಕ್ಸ್‌ಎಲ್‌ಎಸ್‌ಎಕ್ಸ್‌ನಿಂದ ಎಕ್ಸ್‌ಎಲ್‌ಎಸ್‌ಎಕ್ಸ್‌ಗೇ ಪರಿವರ್ತಿಸುವಂತೆ ಹೇಳಬಹುದು. ಫಲಿತಾಂಶದ ಸ್ಥಾನ ಖಾಲಿ ಇರುವುದನ್ನು ಕಂಡು ಅದು ಲೆಕ್ಕ ಹಾಕಿ ತುಂಬುತ್ತದೆ. ಹಳೆಯ ಫೈಲಿನ ಮೇಲೆಯೇ ಬರೆಯದೆ ಬೇರೊಂದು ಫೋಲ್ಡರಿಗೆ ತೆಗೆಯಿರಿ. ಗಿರಾಕಿಗೆ ಬರೀ ನೋಡುವುದಕ್ಕಾಗಿ ಕಳುಹಿಸುವುದಾದರೆ ಇದೇ ಆಜ್ಞೆಯಿಂದ ಪಿಡಿಎಫ್ ತೆಗೆಯುವುದೇ ಲೇಸು.

ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್ ಎಂಬ ಇನ್ನೊಂದು ಗ್ರಂಥಾಲಯವಿದೆ. ಅದು ಫಲಿತಾಂಶದ ಸ್ಥಾನದಲ್ಲಿ ಸೊನ್ನೆಯನ್ನು ಇಡುತ್ತದೆ. ನೀವು ಲೆಕ್ಕ ಹಾಕಿದ ಮೌಲ್ಯವನ್ನು ಸೂತ್ರದ ಜೊತೆಗೆ ಕೊಟ್ಟರೆ ಅದನ್ನೇ ಇಡುತ್ತದೆ. ಎಕ್ಸೆಲ್ ತೆರೆದಾಗ ತಾನೇ ಮರುಲೆಕ್ಕ ಮಾಡಿಕೊಳ್ಳುತ್ತದೆ, ಲಿಬ್ರೆಆಫೀಸ್ ಮಾತ್ರ ತನ್ನ ಮೂಲ ಆಯ್ಕೆಯಲ್ಲಿ ಆ ಸೊನ್ನೆಯನ್ನೇ ನಂಬಬಹುದು. ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್‌ನ ಜಾಗದಲ್ಲಿರುವ ಕ್ಯಾಲ್ಕ್‌ನ ಸೂತ್ರದ ಆಯ್ಕೆಗಳಲ್ಲಿ ಫೈಲು ತೆರೆಯುವಾಗ ಯಾವಾಗಲೂ ಮರುಲೆಕ್ಕ ಎಂಬುದನ್ನು ಆರಿಸಿದರೆ ಸರಿಹೋಗುತ್ತದೆ. ಆದರೆ ಈ ಗ್ರಂಥಾಲಯ ಹೊಸ ಫೈಲನ್ನು ಬರೆಯಬಲ್ಲದೇ ವಿನಾ ಇರುವ ಫೈಲನ್ನು ಓದಲಾರದು. ನಿಮ್ಮ ಎರಡನೆಯ ಸಂದೇಹವನ್ನು ನೋಡಿದರೆ ನಿಮಗೆ ಓಪನ್‌ಪೈಎಕ್ಸೆಲ್ಲೇ ತಕ್ಕದ್ದು.

ಪಕ್ಕಾಸು ರೀಪು (ಕುಂದಾಪುರ) ಬರೆದ ಉತ್ತರ

ಎರಡನೆಯ ಸಂದೇಹದ ಬಗ್ಗೆ ನಾನು ಬರೆಯುತ್ತೇನೆ. ಹಳೆಯ ಹಂಚಿನ ಮನೆಗಳ ಮಾಡು ರಿಪೇರಿಯ ಅಂದಾಜನ್ನು ಇದೇ ಕ್ರಮದಲ್ಲಿ ತಯಾರಿಸುವುದರಿಂದ ಈ ಪ್ರಶ್ನೆಯನ್ನು ನಾನೂ ಎದುರಿಸಬೇಕಾಗಿ ಬಂದಿದೆ. ವಿನ್ಯಾಸದ ಫೈಲಿಗೆ ಗೊತ್ತಿರುವುದು ಅಳತೆ ಮತ್ತು ವಸ್ತುವಿನ ಹೆಸರು, ಅಷ್ಟೇ. ದರ, ತೆರಿಗೆ, ಕೂಲಿ, ಹಾಳಾಗುವ ಪ್ರಮಾಣ ಇವು ಮನುಷ್ಯರು ನಿರ್ಧರಿಸುವ ವಿಷಯಗಳು. ಈ ಎರಡು ಬಗೆಯ ಮಾಹಿತಿಯನ್ನು ಒಂದೇ ಹಾಳೆಯಲ್ಲಿ ಇಟ್ಟಿರುವವರೆಗೆ ಒಂದು ಇನ್ನೊಂದನ್ನು ಅಳಿಸುತ್ತಲೇ ಇರುತ್ತದೆ.

ಆದ್ದರಿಂದ ಒಂದೇ ಫೈಲಿನಲ್ಲಿ ಮೂರು ಹಾಳೆಗಳಿರಲಿ. ದರ ಎಂಬ ಹಾಳೆಯನ್ನು ನೀವು ಅಥವಾ ಧಣಿಗಳು ಕೈಯಿಂದ ತುಂಬುತ್ತೀರಿ, ಸ್ಕ್ರಿಪ್ಟ್ ಅದನ್ನು ಎಂದಿಗೂ ಮುಟ್ಟಬಾರದು. ಭಾಗಗಳು ಎಂಬ ಹಾಳೆ ಪೂರ್ತಿಯಾಗಿ ಸ್ಕ್ರಿಪ್ಟಿನದ್ದು, ಅಲ್ಲಿ ಯಾರೂ ಕೈಯಿಂದ ಬರೆಯಬಾರದು. ಸಾರಾಂಶ ಎಂಬ ಹಾಳೆಯನ್ನು ಒಮ್ಮೆ ಕಟ್ಟಿಟ್ಟರೆ ಸಾಕು. ಸ್ಕ್ರಿಪ್ಟ್ ಇರುವ ಫೈಲನ್ನು ತೆರೆದು, ಭಾಗಗಳ ಹಾಳೆಯಲ್ಲಿ ಶೀರ್ಷಿಕೆಯ ಕೆಳಗಿನ ಎಲ್ಲ ಸಾಲುಗಳನ್ನು ಅಳಿಸಿ, ಹೊಸದಾಗಿ ಬರೆದು ಉಳಿಸಬೇಕು. ಅಳಿಸುವುದನ್ನು ಮರೆಯುವಂತಿಲ್ಲ, ಹೊಸ ವಿನ್ಯಾಸದಲ್ಲಿ ಹಲಗೆಗಳು ಕಡಿಮೆಯಾಗಿದ್ದರೆ ಹಳೆಯ ಸಾಲುಗಳು ಕೆಳಗೆ ಉಳಿದು ಮೊತ್ತಕ್ಕೆ ಸೇರಿಕೊಳ್ಳುತ್ತವೆ. ನಡುವೆ ಸಾಲು ಸೇರಿಸುವ ಅಥವಾ ತೆಗೆಯುವ ಚತುರತೆಗೆ ಹೋಗಬೇಡಿ, ಏಕೆಂದರೆ ಎಕ್ಸೆಲ್‌ನಲ್ಲಿ ಸಾಲು ಸೇರಿಸಿದಾಗ ಸೂತ್ರಗಳು ತಾವಾಗಿಯೇ ಹೊಂದಿಕೊಳ್ಳುವಂತೆ ಓಪನ್‌ಪೈಎಕ್ಸೆಲ್‌ನಲ್ಲಿ ಹೊಂದಿಕೊಳ್ಳುವುದಿಲ್ಲ. ಅಂಗಡಿಯ ಹೆಸರಿನ ಸುತ್ತ ಎಕ್ಸೆಲ್‌ನ ಆಕಾರಗಳಿಂದ ಅಲಂಕಾರ ಮಾಡಿದ್ದರೆ, ಹೀಗೆ ತೆರೆದು ಉಳಿಸುವಾಗ ಆ ಆಕಾರಗಳು ಕಳೆದುಹೋಗುತ್ತವೆ. ವಿಂಡೋಸ್‌ನಲ್ಲಿ ಫೈಲು ಎಕ್ಸೆಲ್‌ನಲ್ಲಿ ತೆರೆದಿರುವಾಗ ಸ್ಕ್ರಿಪ್ಟ್ ಅದನ್ನು ಉಳಿಸಲಾರದು ಎಂಬುದೂ ಗಮನದಲ್ಲಿರಲಿ.

ಭಾಗಗಳ ಹಾಳೆಯ ಪ್ರತಿ ಸಾಲೂ ವಸ್ತುವಿನ ಹೆಸರನ್ನು ಹಿಡಿದು ದರದ ಹಾಳೆಯಿಂದ ದರವನ್ನು ತಂದುಕೊಳ್ಳುವ ಸೂತ್ರವನ್ನು ಹೊಂದಿರಬೇಕು. ಪಟ್ಟಿಯಲ್ಲಿ ಹೆಸರನ್ನು ಹುಡುಕಿ ಅದರ ಮುಂದಿನ ಮೌಲ್ಯವನ್ನು ತರುವ ವಿಲುಕಪ್ ಸಾಕು, ಆದರೆ ಕೊನೆಯ ಮೌಲ್ಯವಾಗಿ ಫಾಲ್ಸ್ ಎಂದು ಕೊಟ್ಟು ಹೆಸರು ಅಕ್ಷರಶಃ ಹೊಂದಿದರೆ ಮಾತ್ರ ದರ ಬರುವಂತೆ ಮಾಡಿ. ಅದೇ ಕೆಲಸದ ಹೊಸ ಸೂತ್ರ ಎಕ್ಸ್‌ಲುಕಪ್ ಬರೆಯಲು ಸುಲಭವಾದರೂ ಎಕ್ಸೆಲ್ 2019 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಅದು ಇಲ್ಲ, ಲಿಬ್ರೆಆಫೀಸ್‌ಗೆ 24.8ನೆಯ ಆವೃತ್ತಿಯಲ್ಲಿ ಬಂತು, ಅಲ್ಲದೆ ಫೈಲಿನೊಳಗೆ ಅದರ ಹೆಸರಿನ ಮುಂದೆ ಒಂದು ವಿಶೇಷ ಪೂರ್ವಪದವನ್ನು ಸೇರಿಸಿ ಬರೆಯಬೇಕು. ಹಾಳೆಗಳ ಹೆಸರುಗಳು ಕನ್ನಡದಲ್ಲಿದ್ದರೆ ಸೂತ್ರದೊಳಗೆ ಅವುಗಳನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದು ಸುರಕ್ಷಿತ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದರದ ಹಾಳೆಯಲ್ಲಿ ಇಲ್ಲದ ಹೆಸರು ಮಾದರಿಯಲ್ಲಿ ಬಂದಾಗ ಆ ಸಾಲಿನಲ್ಲಿಯೂ ಒಟ್ಟು ಮೊತ್ತದಲ್ಲಿಯೂ ದೋಷದ ಗುರುತು ಕಾಣಿಸುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಬಹಳ ಮಂದಿ ಇಫ್‌ಎರರ್ ಸೂತ್ರವನ್ನು ಸುತ್ತಿ ಅದರ ಜಾಗದಲ್ಲಿ ಸೊನ್ನೆ ಬರುವಂತೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೊನ್ನೆ ಬಂದರೆ ಮೊತ್ತ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಒಂದು ಬಾಗಿಲಿನ ಬೆಲೆ ಅದರಲ್ಲಿ ಇರುವುದೇ ಇಲ್ಲ. ಆ ಮೊತ್ತಕ್ಕೆ ಒಪ್ಪಿಕೊಂಡ ಮೇಲೆ ನಷ್ಟ ಕಾರ್ಯಾಗಾರದ್ದು. ದೋಷದ ಗುರುತು ಇರುವವರೆಗೆ ಪಟ್ಟಿ ಹೊರಗೆ ಹೋಗುವುದಿಲ್ಲ ಎಂಬುದೇ ಅದರ ಪ್ರಯೋಜನ.

ಮಾನಗಳ ವಿಷಯದಲ್ಲಿ ನನ್ನ ಕೆಲಸ ನಿಮ್ಮದಕ್ಕಿಂತ ಸ್ವಲ್ಪ ಭಿನ್ನ. ಪಕ್ಕಾಸಿನ (ಮಾಡಿನ ಇಳಿಜಾರು ತೊಲೆಯ) ಮರವನ್ನು ಘನ ಅಡಿಯಲ್ಲಿ, ರೀಪನ್ನು (ಹಂಚು ಕೂರುವ ಮರದ ಪಟ್ಟಿಯನ್ನು) ಉದ್ದದ ಅಡಿಯಲ್ಲಿ, ಹಲಗೆಯನ್ನು ಚದರಡಿಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕಾಗಿ ದರದ ಹಾಳೆಯಲ್ಲಿ ಪ್ರತಿ ವಸ್ತುವಿನ ಮುಂದೆ ಮಾನದ ಹೆಸರನ್ನೂ ಇಟ್ಟಿದ್ದೇನೆ. ಭಾಗಗಳ ಹಾಳೆಯ ಸೂತ್ರ ಆ ಮಾನವನ್ನು ನೋಡಿ ಘನ ಅಡಿಯಾದರೆ ಮೂರು ಅಳತೆಗಳ ಗುಣಲಬ್ಧವನ್ನು 28316846.592ರಿಂದ, ಉದ್ದದ ಅಡಿಯಾದರೆ ಉದ್ದವನ್ನು 304.8ರಿಂದ ಭಾಗಿಸುತ್ತದೆ. ನಿಮ್ಮಲ್ಲಿಯೂ ಹಲಗೆಯ ಅಂಚಿಗೆ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಪಟ್ಟಿ, ಬೀಟೆ ಅಥವಾ ತೇಗದ ಚೌಕಟ್ಟು ಬಂದಾಗ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ತೆರಿಗೆಯ ಪ್ರಮಾಣವನ್ನು ಯಾವ ಕಾರಣಕ್ಕೂ ಸೂತ್ರದೊಳಗೆ ಸಂಖ್ಯೆಯಾಗಿ ಬರೆಯಬೇಡಿ; ವಸ್ತುವಿನ ಮುಂದೆ, ದರದ ಪಕ್ಕದ ಸೆಲ್‌ನಲ್ಲಿ ಇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಸಿಮೆಂಟಿನ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆಗ ನನ್ನ ಬಳಿ ಇದ್ದ, ಇನ್ನೂ ಅಂತಿಮವಾಗದ ಅಂದಾಜುಗಳನ್ನೆಲ್ಲ ಆ ಒಂದೊಂದು ಸೆಲ್‌ನ ತಿದ್ದುಪಡಿಯಿಂದಲೇ ಸರಿಪಡಿಸಲು ಸಾಧ್ಯವಾಯಿತು.

ಒಟ್ಟು ಮೊತ್ತವನ್ನು ಭಾಗಗಳ ಕೆಳಗೆ ಬರೆಯದೆ ಸಾರಾಂಶದ ಹಾಳೆಯಲ್ಲಿ ಇಡೀ ಕಾಲಮ್‌ನ ಸಮ್ ಆಗಿ ಬರೆದರೆ ಸಾಲುಗಳು ಎಷ್ಟೇ ಆದರೂ ಸೂತ್ರವನ್ನು ಬದಲಿಸಬೇಕಾಗಿಲ್ಲ. ವಸ್ತುವಾರು ಮೊತ್ತಕ್ಕೆ ಸಮ್‌ಇಫ್ ಬಳಸಿ. ಪ್ರತಿ ಸಾಲಿನ ಬೆಲೆಯನ್ನು ರೌಂಡ್ ಸೂತ್ರದಿಂದ ಪೈಸೆಗೆ ಸರಿಮಾಡಿದರೆ, ಗಿರಾಕಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿದಾಗಲೂ ಹಾಳೆಯ ಮೊತ್ತವೇ ಬರುತ್ತದೆ.

ಬೈಕಂಪಾಡಿ ಬೆಸುಗೆ (ಮಂಗಳೂರು)

ಆಟೋಕ್ಯಾಡ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶವನ್ನು ಬಳಸುವವರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಅಲ್ಲಿ ಅದರದ್ದೇ ಪ್ರೋಗ್ರಾಮು ಭಾಷೆಯಾದ ಆಟೋಲಿಸ್ಪ್‌ನಿಂದ ಚಾಲನೆಯಲ್ಲಿರುವ ಎಕ್ಸೆಲ್ ಅನ್ನೇ ನೇರವಾಗಿ ನಿಯಂತ್ರಿಸಿ ಸೆಲ್‌ನ ಸೂತ್ರದ ಗುಣಕ್ಕೆ ಪಠ್ಯವನ್ನು ಕೊಡಬಹುದು. ಎಕ್ಸೆಲ್ ಸ್ವತಃ ಲೆಕ್ಕ ಹಾಕುವುದರಿಂದ ಫಲಿತಾಂಶ ಖಾಲಿ ಉಳಿಯುವ ಸಮಸ್ಯೆ ಬರುವುದಿಲ್ಲ. ಆದರೆ ಅದಕ್ಕೆ ವಿಂಡೋಸ್ ಮತ್ತು ಎಕ್ಸೆಲ್ ಎರಡೂ ಅದೇ ಕಂಪ್ಯೂಟರಿನಲ್ಲಿ ಇರಲೇಬೇಕು. ಆಟೋಕ್ಯಾಡ್‌ನ ಕಿರು ರೂಪವಾದ ಎಲ್‌ಟಿಯವರಿಗೆ 2024ರ ಆವೃತ್ತಿಯಿಂದ ಆಟೋಲಿಸ್ಪ್ ಲಭ್ಯವಿದೆಯಾದರೂ ಎಕ್ಸೆಲ್ ಅನ್ನು ಹೀಗೆ ನಿಯಂತ್ರಿಸಲು ಬೇಕಾದ ಆಜ್ಞೆಗಳು ಅದರಲ್ಲಿಲ್ಲ.

ಬೀಟೆಮರ (ಉಡುಪಿ)

ಮೂರು ಹಾಳೆಗಳ ಕ್ರಮವನ್ನು ಅಳವಡಿಸಿಕೊಂಡೆ. ದರಗಳು ಉಳಿಯುತ್ತಿವೆ, ಮರೈನ್ ಮತ್ತು ಬಿಡಬ್ಲ್ಯುಆರ್‌ಗಳ ಹೋಲಿಕೆಯನ್ನು ಧಣಿಗಳು ಈಗ ಗಿರಾಕಿಯ ಎದುರಿಗೇ ಮಾಡಿ ತೋರಿಸುತ್ತಿದ್ದಾರೆ. ಎಂಟು ಅಡಿಗೆ ನಾಲ್ಕು ಅಡಿಯ ಎಷ್ಟು ಶೀಟ್‌ಗಳು ಬೇಕು ಎಂಬುದನ್ನೂ ಸಾರಾಂಶದಲ್ಲಿ ಸೂತ್ರದಿಂದಲೇ ತೋರಿಸಬಹುದೇ? ಹಾಗೆಯೇ, ಫ್ರೀಕ್ಯಾಡ್‌ನಲ್ಲೇ ಸ್ಪ್ರೆಡ್‌ಶೀಟ್ ಎಂಬ ವಿಭಾಗವಿದೆಯಲ್ಲ, ಅದರಿಂದ ಈ ಕೆಲಸ ಆಗುತ್ತಿತ್ತೇ?

ಪಣಂಬೂರು ಗಾಳಿ (ಮಂಗಳೂರು)

ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟ್ ಬೇರೆಯೇ ಉದ್ದೇಶಕ್ಕೆ ಒದಗುತ್ತದೆ. ಅದರ ಸೆಲ್‌ಗಳಿಗೆ ಹೆಸರು ಕೊಟ್ಟು, ಆ ಹೆಸರಿನಿಂದ ಹಲಗೆಗಳ ಅಳತೆಯನ್ನು ನಡೆಸಬಹುದು. ಪ್ಲೈವುಡ್ಡಿನ ದಪ್ಪವನ್ನು ಅಂಥ ಒಂದು ಸೆಲ್‌ನಲ್ಲಿಟ್ಟರೆ 18 ಮಿಲಿಮೀಟರ್‌ನಿಂದ 16ಕ್ಕೆ ಇಳಿಸಿದಾಗ ಇಡೀ ಕಪಾಟಿನ ಒಳ ಅಳತೆಗಳು ತಾವೇ ಸರಿಹೊಂದುತ್ತವೆ. ಆದರೆ ಅದರಿಂದ ಸಿಎಸ್‌ವಿಗೆ ರಫ್ತು ಮಾಡಿದಾಗ ಹೊರಗೆ ಬರುವುದು ಫಲಿತಾಂಶಗಳು, ಸೂತ್ರಗಳಲ್ಲ. ಆದ್ದರಿಂದ ನಿಮ್ಮ ಅಂದಾಜುಪಟ್ಟಿಗೆ ಅದು ಬದಲಿಯಾಗಲಾರದು. ಅಳತೆಗಳನ್ನು ನಡೆಸಲು ಮಾತ್ರ ಬಳಸಿಕೊಳ್ಳಿ.

ಶೀಟ್‌ಗಳ ಸಂಖ್ಯೆಯ ಸೂತ್ರವನ್ನು ಬರೆಯಬಹುದು, ಆದರೆ ಅದನ್ನು ಖರೀದಿಯ ಸಂಖ್ಯೆಯೆಂದು ನಂಬಬೇಡಿ. ಒಟ್ಟು ಚದರಡಿಯನ್ನು 32ರಿಂದ ಭಾಗಿಸಿ, ಹಾಳಾಗುವ ಪ್ರಮಾಣವನ್ನು ಸೇರಿಸಿ, ರೌಂಡ್‌ಅಪ್ ಮಾಡಿದರೆ ಒಂದು ಅಂದಾಜು ಬರುತ್ತದೆ. ವಿಸ್ತೀರ್ಣದ ಲೆಕ್ಕಕ್ಕೆ ಹಲಗೆಗಳ ಆಕಾರ ಗೊತ್ತಿರುವುದಿಲ್ಲ. 1220 ಮಿಲಿಮೀಟರ್ ಅಗಲದ ಶೀಟ್‌ನಲ್ಲಿ 620 ಅಗಲದ ಎರಡು ಹಲಗೆಗಳು ಪಕ್ಕಪಕ್ಕದಲ್ಲಿ ಕೂರುವುದಿಲ್ಲ, ವಿಸ್ತೀರ್ಣ ಎಷ್ಟೇ ಉಳಿದಿದ್ದರೂ. ಗರಗಸದ ಹಲ್ಲು ತಿನ್ನುವ ಮೂರು ನಾಲ್ಕು ಮಿಲಿಮೀಟರ್ ಮತ್ತು ವೆನೀರಿನ (ಮೇಲೆ ಅಂಟಿಸಿದ ತೆಳು ಮರದ ಪದರದ) ಗೆರೆ ಹೋಗುವ ದಿಕ್ಕು ಇದಕ್ಕೆ ಇನ್ನಷ್ಟು ಕಟ್ಟು ಹಾಕುತ್ತವೆ. ಸಾರಾಂಶದಲ್ಲಿ ಆ ಸಂಖ್ಯೆಯ ಪಕ್ಕ ಅಂದಾಜು ಎಂದೇ ಬರೆಯಿರಿ, ಖರೀದಿಗೆ ಮೊದಲು ಭಾಗಗಳ ಹಾಳೆಯನ್ನು ಕತ್ತರಿಕೆ ಜೋಡಿಸುವ ತಂತ್ರಾಂಶವೊಂದಕ್ಕೆ ಕೊಟ್ಟು ನೋಡಿ.

ಕೊನೆಯದಾಗಿ ಸಾರಾಂಶದಲ್ಲಿ ಇನ್ನೊಂದು ಸಾಲನ್ನು ಸೇರಿಸಿಕೊಳ್ಳಲು ಸಲಹೆ ಮಾಡುತ್ತೇನೆ. ಫ್ರೀಕ್ಯಾಡ್ ಪ್ರತಿ ಘನಾಕಾರದ ಗಾತ್ರವನ್ನು ಘನ ಮಿಲಿಮೀಟರ್‌ನಲ್ಲಿ ತಾನೇ ಲೆಕ್ಕ ಹಾಕಿ ಕೊಡುತ್ತದೆ. ಆರಿಸಿದ ಹಲಗೆಗಳ ಗಾತ್ರದ ಮೊತ್ತವನ್ನು ಮ್ಯಾಕ್ರೊ ಬರೀ ಸಂಖ್ಯೆಯಾಗಿ ಭಾಗಗಳ ಹಾಳೆಯ ಶೀರ್ಷಿಕೆಯಲ್ಲಿ ಬರೆಯಲಿ. ಸಾರಾಂಶದ ಸೂತ್ರ ಉದ್ದ, ಅಗಲ, ದಪ್ಪ, ಸಂಖ್ಯೆಗಳ ಗುಣಲಬ್ಧವನ್ನು ಕೂಡಿ ಅದರೊಡನೆ ಹೋಲಿಸಲಿ. ಕೊರೆದ ರಂಧ್ರಗಳು, ಕೀಲುಗಳ ಗುಂಡಿಗಳಿಂದಾಗಿ ಸೂತ್ರದ ಮೊತ್ತ ಸ್ವಲ್ಪ ಹೆಚ್ಚಿರುವುದು ಸಹಜ. ಅದು ಕಡಿಮೆ ಬಂದರೆ ಯಾವುದೋ ಹಲಗೆ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಬಹಳ ಹೆಚ್ಚು ಬಂದರೆ ತಿರುಗಿಸಿಟ್ಟ ಹಲಗೆಯೊಂದನ್ನು ಇನ್ನೂ ಆವರಣ ಪೆಟ್ಟಿಗೆಯಿಂದಲೇ ಅಳೆಯುತ್ತಿದ್ದೀರಿ, ಇಲ್ಲವೇ ಒಂದೇ ಹಲಗೆ ಎರಡು ಸಾಲುಗಳಲ್ಲಿ ಕುಳಿತಿದೆ. ಯಾವ ಹಲಗೆ ಎಂಬುದನ್ನು ಹುಡುಕಲು ಭಾಗಗಳ ಹಾಳೆಯ ಮೊದಲ ಕಾಲಮ್‌ನಲ್ಲಿ ಫ್ರೀಕ್ಯಾಡ್‌ನ ಆಂತರಿಕ ಹೆಸರನ್ನು ಇಟ್ಟುಕೊಳ್ಳಿ, ನೀವು ಕೊಟ್ಟ ಲೇಬಲ್ ಅನ್ನು ಎರಡನೆಯದರಲ್ಲಿಡಿ. ಲೇಬಲ್ ಅನ್ನು ಯಾರು ಬೇಕಾದರೂ ತಿದ್ದಬಹುದು, ಆಂತರಿಕ ಹೆಸರು ಹಲಗೆ ಹುಟ್ಟಿದಾಗ ಬಂದದ್ದು ಹಾಗೆಯೇ ಇರುತ್ತದೆ.